ಚಂದ್ರಶೇಖರಯ್ಯ ಮೇಷ್ಟ್ರ ತಕರಾರು ಅರ್ಜಿ

ಹೊನ್ನೆಕಟ್ಟೆ ಹೈಸ್ಕೂಲಿನಲ್ಲಿ ಇಪ್ಪತ್ತೆಂಟು ವರ್ಷ ಸಮಾಜ ಪಾಠ ಹೇಳಿದ ಚಂದ್ರಶೇಖರಯ್ಯನವರು ಮದುವೆಯಾಗಲಿಲ್ಲ. ನಿವೃತ್ತರಾದ ಮೇಲೆ ಊರು ಬಿಟ್ಟೂ ಹೋಗಲಿಲ್ಲ. ಮನೆಯಲ್ಲಿ ಮಾತಾಡಲು ಜನವಿಲ್ಲದೆ ಪೇಪರನ್ನೇ ಜೋರಾಗಿ ಓದಿಕೊಳ್ಳುತ್ತಿದ್ದರು. ನೆಂಟರು ಬಂದಿದ್ದಾರೇನೋ ಎಂದು ಪಕ್ಕದ ಮನೆಯವರು ಇಣುಕಿದ್ದೂ ಉಂಟು, ಪಾಪ!

ಅವರಿಗೆ ಒಂದು ಪಾಠದ ಮೇಲೆ ಮಾತ್ರ ಪ್ರಾಣ. ಪ್ರಧಾನಮಂತ್ರಿಯೇ ಆಗಲಿ, ಮನಸ್ಸಿಗೆ ಬಂದಂತೆ ಒಂದು ರಾಜ್ಯದ ನೆಲವನ್ನು ಇನ್ನೊಂದಕ್ಕೆ ಸೇರಿಸುವಂತಿಲ್ಲ. ಪಾರ್ಲಿಮೆಂಟಿನಲ್ಲಿ ಕಾನೂನಾಗಬೇಕು, ಅದಕ್ಕೂ ಮೊದಲು ಆ ರಾಜ್ಯದ ಶಾಸನಸಭೆಯ ಅಭಿಪ್ರಾಯಕ್ಕೆ ಕಳಿಸಬೇಕು. ಮೇಜು ಕುಟ್ಟಿ ಕುಟ್ಟಿ ಇದನ್ನು ಹೇಳುತ್ತಿದ್ದರು. ಕೇಳಿದ ಹುಡುಗರಲ್ಲಿ ಶಿವರಾಜು ಒಬ್ಬ. ಈಗ ಅವನೇ ಹೊನ್ನೆಕಟ್ಟೆ ಪಂಚಾಯ್ತಿ ಅಧ್ಯಕ್ಷ, ಪಾಠ ಎಷ್ಟು ತಲೆಗೆ ಹತ್ತಿತ್ತೋ ದೇವರಿಗೇ ಗೊತ್ತು.

ಅಧ್ಯಕ್ಷನ ಕಣ್ಣು ಕೆರೆಯಾಚೆಯ ಕಲ್ಲುಕೊಪ್ಪಲಿನ ಗೋಮಾಳದ ಮೇಲೆ ಬಿತ್ತು. ನಲವತ್ತು ಮನೆಯ ಆ ಊರು ಬೇರೆ ಪಂಚಾಯ್ತಿಯದು. ಕೊಪ್ಪಲಿನ ಜನ ತಮ್ಮ ಕಡೆ ಸೇರಲು ಒಪ್ಪಿದ್ದಾರೆಂದು ಠರಾವು ಬರೆಸಿ ಹಾಸನಕ್ಕೆ, ಜಿಲ್ಲಾಧಿಕಾರಿಗಳ ಕಚೇರಿಗೆ ಕಳಿಸಿಯೇಬಿಟ್ಟ. ಒಪ್ಪಿದ್ದು ಯಾವಾಗ? ನಮ್ಮ ಕಡೆಯ ಪದ್ಧತಿ ನಿಮಗೂ ಗೊತ್ತಲ್ಲ: ಸಭೆಗೆ ಬಂದವರು ಬಾಗಿಲಲ್ಲೇ ಪುಸ್ತಕಕ್ಕೆ ಸಹಿ ಹಾಕಿ ಒಳಗೆ ಹೋಗುವುದು, ಠರಾವನ್ನು ಆಮೇಲೆ ಬಿಡುವಾದಾಗ ಬರೆದುಕೊಳ್ಳುವುದು. ಕೊಪ್ಪಲಿನವರು ಸಹಿ ಹಾಕಿದ್ದು ಎರಡೂ ಊರು ಸೇರಿ ನಡೆಸಿದ ಕೆರೆ ಹೂಳೆತ್ತುವ ಸಭೆಗೆ!

ಮೇಷ್ಟ್ರಿಗೆ ಮೈ ಉರಿದುಹೋಯಿತು. ಜಿಲ್ಲಾಧಿಕಾರಿಗಳು ಆಕ್ಷೇಪಣೆ ಕರೆದಾಗ ಮೂರು ಹಾಳೆ ತಕರಾರು ಬರೆದು, ಜೊತೆಗೊಂದು ಸಹಿ ಸಿಕ್ಕೀತೆಂದು ಹೊನ್ನೆಕಟ್ಟೆಯೆಲ್ಲ ಅಲೆದರು.

"ನಮಗ್ಯಾಕ್ ಸಾ ಇಲ್ಲದ್ ಉಸಾಬರಿ? ಅಧ್ಯಕ್ಷ್ರನ್ನ ಎದುರಾಕ್ಕಂಡು ಬದುಕಕ್ಕಾದದಾ?" ಎಂದರು ಪಕ್ಕದ ಮನೆಯ ಹುಲಿಯಪ್ಪ. ಉಳಿದವರು ಅಷ್ಟೂ ಹೇಳಲಿಲ್ಲ.

ಮೇಷ್ಟ್ರು ಒಬ್ಬರೇ ಹಾಸನದ ಬಸ್ಸು ಹತ್ತಿದರು. ವಿಚಾರಣೆಯಲ್ಲಿ ಹೂಳೆತ್ತುವ ಸಭೆಯ ನೋಟೀಸು ತೋರಿಸಿದರು, ಸಹಿಯ ಪುಸ್ತಕ ತರಿಸಿದರು, ಗೆದ್ದೂಬಿಟ್ಟರು. ಪ್ರಸ್ತಾವ ಬಿದ್ದುಹೋಯಿತು. ಊರಿನಲ್ಲಿ ಅವರನ್ನು ಮಾತಾಡಿಸುತ್ತಿದ್ದ ನಾಲ್ಕು ಜನವೂ ಅಂದಿನಿಂದ ಮುಖ ತಿರುಗಿಸಿದರು.

ಹೋಗಲಿ, ಕೊಪ್ಪಲಿನವರಾದರೂ ಸಂತೋಷಪಟ್ಟಾರು! ಹಾಗೆಂದುಕೊಂಡು ಒಗೆದ ಪಂಚೆ ಉಟ್ಟು, ಆದೇಶದ ಜೆರಾಕ್ಸ್ ಹಿಡಿದು ಕೆರೆ ಏರಿಯ ಮೇಲೆ ನಡೆದರು. ಬೋರಿಂಗಿನ ಹತ್ತಿರ ಕೃಷ್ಣಮ್ಮ ಎಂಬ ಮುದುಕಿ ಏದುಸಿರು ಬಿಡುತ್ತಾ ಹಿಡಿ ಒತ್ತುತ್ತಿದ್ದಳು. ಮೇಷ್ಟ್ರು ಖುಷಿಯಿಂದ ವಿಷಯ ಹೇಳಿದರು.

ಮುದುಕಿ ಹಿಡಿ ಬಿಟ್ಟಳು. "ನಿಮ್ಮೂರ್ಗೆ ಸೇರಿದ್ರೆ ಮನೆತಾಕೆ ನಲ್ಲಿ ಬತ್ತಿತ್ತು ಸಾ. ನಮ್ ಪಂಚಾಯ್ತಿ ಆಪೀಸು ಎಂಟು ಮೈಲಿ. ಪಿಂಚಣಿ ಕೇಳಕ್ಕೋದ್ರೆ ಒಂದಿನವೇ ಓಯ್ತದೆ. ನಿಮ್ದು ಕೆರೆ ದಾಟುದ್ರೆ ಆಯ್ತು."

"ಆದ್ರೆ ಅಮ್ಮಾ, ಅವನು ನಿಮ್ಮನ್ನ ಕೇಳದೇ ಬರೆಸ್ಕೊಂಡಿದ್ದ!"

"ಊಂ, ಅವ್ನೂ ಕೇಳ್ನಿಲ್ಲ. ನೀವೂ ಕೇಳ್ನಿಲ್ವಲ್ಲಾ ಸಾ?"

ಮೇಷ್ಟ್ರು ಹೊನ್ನೆಕಟ್ಟೆಯ ಒಂದು ಬಾಗಿಲನ್ನೂ ಬಿಡದೆ ತಟ್ಟಿದ್ದರು. ಇಲ್ಲಿಯ ಒಂದು ಬಾಗಿಲನ್ನೂ ತಟ್ಟಿರಲಿಲ್ಲ.

"ಓಗ್ಲಿ ಬುಡಿ, ಮುಗುದ್ ಮಾತು. ಬಿಸ್ಲಲ್ ಬಂದಿದೀರಿ, ನೀರ್ ಕುಡೀರಿ" ಎಂದು ಕೃಷ್ಣಮ್ಮ ಮತ್ತೆ ಹಿಡಿಗೆ ಜೋತುಬಿದ್ದು, ಏದುಸಿರಲ್ಲೇ ಚೊಂಬು ತುಂಬಿಸಿ ಕೊಟ್ಟಳು.

ಮೇಷ್ಟ್ರು ಚೊಂಬು ಹಿಡಿದು ನಿಂತರು. ಆಮೇಲೆ ಕುಡಿಯದೆಯೇ ಅದನ್ನು ಕೆಳಗಿಟ್ಟು, ಬೋರಿಂಗಿನ ಹಿಡಿಗೆ ತಾವೇ ಕೈ ಹಾಕಿದರು.