ತೊಳೆದಿಟ್ಟ ಸಿಳ್ಳೆ

ಮನುಷ್ಯನ ಬಾಯಿ ಎಂಥ ಕೊಚ್ಚೆ ಎಂದು ತಿಳಿಯಬೇಕಾದರೆ ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು, ಕಣ್ಣು ಮುಚ್ಚಿ, ಯಾರಾದರೂ ಮಾತಾಡುವುದನ್ನು ಕೇಳಬೇಕು. ಮಾತನ್ನಲ್ಲ, ಬಾಯನ್ನು. ನಾಲಿಗೆ ಅಂಗುಳಿಗೆ ಅಂಟಿ ಬಿಡುವ ಪಚಕ್, ತುಟಿಯ ಮೂಲೆಯಲ್ಲಿ ಎಂಜಲಿನ ಚಿಟಿಚಿಟಿ, ಗಂಟಲಲ್ಲಿ ಕಫ ಹತ್ತಿ ಇಳಿಯುವ ಗೊರಗೊರ. ಶ್ಶಕ್ಕ ಹದಿನಾಲ್ಕು ವರ್ಷ ಇದನ್ನೇ ಕೇಳಿದವಳು, ಅದೂ ಹೊಟ್ಟೆಪಾಡಿಗೆ. ಯಾರಾರೋ ಮನೆಯಲ್ಲಿ ಕೂತು ಓದಿ ಕಳಿಸಿದ ಪಾಠ, ಭಾಷಣ, ಕಥೆಗಳನ್ನು ಕಂಪ್ಯೂಟರಿಗೆ ಹಾಕಿಕೊಂಡು ಅದರೊಳಗಿನ ಕೆಮ್ಮು, ತೇಗು, ಪಚಪಚಗಳನ್ನೆಲ್ಲ ಒಂದೊಂದಾಗಿ ಕತ್ತರಿಸಿ ವಾಪಸು ಕಳಿಸುವುದು ಅವಳ ಹಗಲಿನ ಕೆಲಸ.

"ಊರಿನವರ ಎಂಜಲು ಬಳಿಯೋ ಕೆಲಸ ನಂದು" ಎಂದು ಅವಳೇ ಹೇಳಿಕೊಳ್ಳುತ್ತಿದ್ದಳು. ಊಟಕ್ಕೆ ಕೂತರೆ ಎದುರಿನವರು ಜಗಿಯುವ ಸದ್ದಿಗೇ ತಟ್ಟೆ ಎತ್ತಿಕೊಂಡು ಬೇರೆ ಕೋಣೆಗೆ ಹೋಗುತ್ತಿದ್ದಳು. ಮದುವೆಯಾಗಬೇಕೆಂದಿದ್ದ ಒಬ್ಬನನ್ನು ಅವನು ಸೂಪು ಸೊರ್ರೆಂದು ಹೀರಿದ ಕಾರಣಕ್ಕೇ ಬಿಟ್ಟವಳು. ಅವನೇನೋ ಒಳ್ಳೆಯವನೇ ಇದ್ದ, ಪಾಪ.

ಶ್ಶಕ್ಕ ಎಂಬುದು ಕಟ್ಟಡದವರು ಇಟ್ಟ ಹೆಸರು. ಮೆಟ್ಟಿಲ ಮೇಲೆ ಯಾರೇ ಜೋರಾಗಿ ನಕ್ಕರೂ ಮೂರನೇ ಮಹಡಿಯ ಬಾಗಿಲು ಒಂದು ಗೇಣು ತೆರೆದು, ಒಳಗಿಂದ "ಶ್!" ಎಂದು ಬರುತ್ತಿತ್ತು. ಕಾರಣವಿಷ್ಟೇ, ಹೊಟ್ಟೆಪಾಡಿನ ಕೆಲಸ ಮುಗಿದ ಮೇಲೆ ಅವಳು ಮನೆಯಲ್ಲೇ ತನ್ನ ಹಾಡುಗಳನ್ನು ಧ್ವನಿಮುದ್ರಿಸಿಕೊಳ್ಳುತ್ತಿದ್ದಳು. ಅವಳ ಬೆನ್ನಿಗೆ ಯಾವ ಕಂಪನಿಯೂ ಇರಲಿಲ್ಲ. ಮಾಡು ಎಂದವರೂ ಇಲ್ಲ, ಬೇಡ ಎಂದವರೂ ಇಲ್ಲ. ತಾನೇ ಕಟ್ಟಿ, ತಾನೇ ಹಾಡಿ, ತಾನೇ ನುಡಿಸಿ ಇಂಟರ್ನೆಟ್ಟಿಗೆ ಹಾಕುವುದು, ನೂರಿನ್ನೂರು ಜನ ಕೇಳುವುದು. ಮಲಗುವ ಕೋಣೆಯೇ ಸ್ಟುಡಿಯೋ. ಕಿಟಕಿಗೆ ಹಾಸಿಗೆ ಒರಗಿಸಿ, ಬೀರುವಿನ ಬಾಗಿಲು ತೆರೆದು, ಒಳಗೆ ನೇತುಹಾಕಿದ ಕೋಟು ಕಂಬಳಿಗಳ ನಡುವೆ ಮುಖ ತೂರಿಸಿಕೊಂಡು ಹಾಡುವುದು. ಫ್ಯಾನ್ ಆಫ್. ಫ್ರಿಜ್ ಕೂಡ ಆಫ್. ಆಮೇಲೆ ಅದನ್ನು ಹಾಕಲು ಮರೆಯಬಾರದೆಂದು ಮನೆಯ ಬೀಗದ ಕೈಯನ್ನು ಫ್ರಿಜ್ಜಿನೊಳಗೇ ಇಡುತ್ತಿದ್ದಳು. ಆದರೂ ಎಷ್ಟೋ ಸಲ ಮರೆತು, ಹಾಲು ಒಡೆದು, ಮನೆಯೆಲ್ಲ ನಾರುತ್ತಿತ್ತು.

ಕಂಪ್ಯೂಟರಿನಲ್ಲಿ ಅವಳದು ಎರಡು ಫೋಲ್ಡರು. ಒಂದರ ಹೆಸರು 'ಕೊಳಕು', ಇನ್ನೊಂದರದು 'ಚೊಕ್ಕ'. ಹಾಡಿದ್ದು, ನುಡಿಸಿದ್ದು ಹೇಗಿತ್ತೋ ಹಾಗೆ ಮೊದಲು ಕೊಳಕಿಗೆ. ಸ್ವಚ್ಛ ಮಾಡಿದ್ದು ಚೊಕ್ಕಕ್ಕೆ. ಚೊಕ್ಕಕ್ಕೆ ಬಂದ ತಕ್ಷಣ ಕೊಳಕನ್ನು ಗುರುತೂ ಉಳಿಯದಂತೆ ಅಳಿಸಿಬಿಡುವಳು. ಈ ಕೆಲಸದವರೆಲ್ಲ ಮೂಲವನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯ್ದುಕೊಳ್ಳುತ್ತಾರೆ. ಇವಳಿಗೆ ಮಾತ್ರ ಅದು ಅಲ್ಲಿದೆ ಎಂದು ನೆನೆದರೇ ಅಸಹ್ಯವಾಗುತ್ತಿತ್ತು. "ಮೋರಿ ನೀರನ್ನ ಯಾರಾದ್ರೂ ಬಾಟ್ಲಿಗೆ ತುಂಬಿಡ್ತಾರಾ?" ಅನ್ನುವಳು.

ಇನ್ನು ಅಪ್ಪ. ಮನೆಯಲ್ಲಿದ್ದವರು ಅವಳು ಮತ್ತು ಅಪ್ಪ, ಇಬ್ಬರೇ. ಅಪ್ಪ ಮೂವತ್ತೊಂದು ವರ್ಷ ಬಸ್ ಕಂಡಕ್ಟರಾಗಿದ್ದವನು. ಮೇಲಿನ ಸಾಲಿನ ಮುಂದಿನ ಎರಡು ಹಲ್ಲುಗಳ ನಡುವೆ ಅವನಿಗೊಂದು ಸಂದು. ಆ ಸಂದಿನಿಂದ ಅವನು ಹಾಕುತ್ತಿದ್ದ ಸಿಳ್ಳೆಗೆ ಬಸ್ಸಿನ ಗಂಟೆಯ ಹಂಗೇ ಇರಲಿಲ್ಲ. ಒಂದು ಸಿಳ್ಳೆಗೆ ಬಸ್ಸು ನಿಲ್ಲುತ್ತಿತ್ತು, ಎರಡಕ್ಕೆ ಹೊರಡುತ್ತಿತ್ತು. ಕೆಲಸ ಮುಗಿಸಿ ಸಂಜೆ ರಸ್ತೆಯ ತಿರುವಿಗೆ ಬಂದಾಗ ಮಾತ್ರ ಬೇರೆಯದೇ ಸಿಳ್ಳೆ, ಆರು ಸ್ವರದ್ದು. ಐದು ಏರಿ, ಆರನೆಯದು ಸ್ವಲ್ಪ ಜಾರಿ ಕೆಳಗೆ ಕೂರುವುದು. ಅದು ಕೇಳಿದ್ದೇ ತಡ, ಪುಟ್ಟ ಹುಡುಗಿಯಾಗಿದ್ದ ಶ್ಶಕ್ಕ ಚಪ್ಪಲಿಯನ್ನೂ ಹಾಕದೆ ಓಡುತ್ತಿದ್ದಳು.

ಆ ಆರು ಸ್ವರದ ಮೇಲೇ ಅವಳು ಒಂದು ಹಾಡು ಕಟ್ಟಿದ್ದಳು. ನಾಲ್ಕು ವರ್ಷದಿಂದ ಕಟ್ಟುತ್ತಲೇ ಇದ್ದಳು. ಸಿಳ್ಳೆಯ ಜಾಗದಲ್ಲಿ ಕೊಳಲು ಹಾಕಿ ನೋಡಿದಳು, ಥೂ. ಕೀಬೋರ್ಡಿನಲ್ಲಿ ನೋಡಿದಳು, ಅದಕ್ಕಿಂತ ಥೂ. ಅಲ್ಲಿ ಅಪ್ಪನ ಸಿಳ್ಳೆಯೇ ಬೇಕು, ಬೇರೆ ದಾರಿಯಿಲ್ಲ. ಅಪ್ಪ ಪಕ್ಕದ ಕೋಣೆಯಲ್ಲೇ ಇದ್ದ. ಆದರೆ ಕರೆಯಲು ಅವಳಿಗೆ ಮನಸ್ಸಿರಲಿಲ್ಲ, ಏಕೆಂದರೆ ಅಪ್ಪನ ಬಾಯಿ ಕೊಳೆತಿತ್ತು. ಒಸಡು ಬಾತು, ಹಲ್ಲು ಅಲ್ಲಾಡಿ, ಕೀವು ಕಟ್ಟಿ, ಅವನು ಆಕಳಿಸಿದರೆ ಕೋಣೆಯಲ್ಲಿ ನಿಲ್ಲುವ ಹಾಗಿರಲಿಲ್ಲ. ಆ ಬಾಯಿಗೆ ತನ್ನ ಮೈಕು ಒಡ್ಡುವುದೇ? ಈ ವಾರ ಬೇಡ, ಮುಂದಿನ ವಾರ ನೋಡೋಣ ಎಂದು ದೂಡುತ್ತ ಬಂದಳು.

ಕೊನೆಗೆ ಹಲ್ಲಿನ ಡಾಕ್ಟರು ಅಪ್ಪನ ಬಾಯೊಳಗೆ ಬೆಳಕು ಬಿಟ್ಟು ನೋಡಿ, ಮುಖ ತಿರುಗಿಸಿ ಅಂದರು: "ಗುರುವಾರ ಬನ್ನಿ. ಮೇಲಿನ ಸಾಲು ಪೂರ್ತಿ ತೆಗೀಬೇಕು. ಒಂದೂ ಉಳಿಯೋ ಹಾಗಿಲ್ಲ."

ಶ್ಶಕ್ಕ ಲೆಕ್ಕ ಹಾಕಿದಳು. ಹಲ್ಲು ಹೋದರೆ ಸಂದು ಹೋಗುತ್ತದೆ, ಸಂದು ಹೋದರೆ ಸಿಳ್ಳೆ ಹೋಗುತ್ತದೆ. ಅದು ಸೋಮವಾರ.

ಮಂಗಳವಾರ ಮಧ್ಯಾಹ್ನ ಕಟ್ಟಡ ಮಲಗಿದ್ದಾಗ ಅವಳು ಫ್ರಿಜ್ ಆರಿಸಿ, ಬೀಗದ ಕೈ ಒಳಗಿಟ್ಟು, ಅಪ್ಪನನ್ನು ಬೀರುವಿನ ಮುಂದೆ ಕೂರಿಸಿದಳು. ಅಪ್ಪ ತಲೆ ಬಾಚಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹೆಗಲಿಗೆ ಟವೆಲ್ ಹಾಕಿಕೊಂಡು ಬಂದಿದ್ದ.

"ಫೋಟೋ ತೆಗೆಯೋದಿಲ್ಲಪ್ಪ."

"ಇರ್ಲಿ ಬಿಡೇ. ಮೊದಲ್ನೇ ಸಲ ಅಲ್ವಾ, ನಿನ್ನ ಹಾಡಲ್ಲಿ ನಾನು?"

"ಸರಿ. ಈಗ ಸುಮ್ನೆ ಒಂದ್ಸಲ ಹಾಕು, ಎಷ್ಟು ಜೋರಾಗಿ ಬರುತ್ತೆ ನೋಡ್ಕೋತೀನಿ. ಆಮೇಲೆ ನಿಜವಾದ್ದು."

ಅಪ್ಪ ಕೆಮ್ಮಿದ. ತುಟಿ ಒದ್ದೆ ಮಾಡಿಕೊಂಡ. ಹಾಕಿದ. ಐದು ಸ್ವರ ಏರಿತು. ಆರನೆಯದು ಜಾರುವ ಹೊತ್ತಿಗೆ ಹಲ್ಲಿನ ಸಂದಿನಿಂದ ಎಂಜಲಿನ ಹನಿಯೊಂದು ಸಿಡಿದು, ಮೈಕಿನ ಜಾಲರಿಯ ಮೇಲೆ ಹಳದಿಯಾಗಿ ಕೂತಿತು.

"ಥೂ! ಛೀ ಅಪ್ಪ, ಒರೆಸ್ಕೋ! ಏನ್ ಗಲೀಜು!"

ಅಪ್ಪ ಟವೆಲ್ಲಿನಿಂದ ಬಾಯಿ ಒರೆಸಿಕೊಂಡ. ಅವಳು ಜಾಲರಿಯನ್ನು ಎರಡು ಬೆರಳಲ್ಲಿ ಎತ್ತಿಕೊಂಡು ಹೋಗಿ ಸೋಪು ಹಾಕಿ ತೊಳೆದು ಬಂದಳು. ಬಂದವಳು ವಾಸನೆ ತಾಳದೆ ಉಸಿರು ಬಿಗಿಹಿಡಿದು ನಿಂತಿದ್ದಳು. ಅಪ್ಪ ಅದನ್ನು ಕಂಡ.

"ಮೂಗಿಗೊಂದು ಬಟ್ಟೆ ಕಟ್ಕೋ ಪುಟ್ಟಿ. ನಂಗೇನೂ ಬೇಜಾರಿಲ್ಲ."

ಅವಳು ನಿಜವಾಗಿಯೂ ಕಟ್ಟಿಕೊಂಡಳು. ಆಮೇಲೆ ಅಪ್ಪ ಹನ್ನೊಂದು ಸಲ ಹಾಕಿದ. ಪ್ರತಿ ಸಲವೂ ಮೊದಲು ಬಾಯಿ ಒರೆಸಿಕೊಂಡು, ಎಲ್ಲಿ ಮತ್ತೆ ಸಿಡಿದೀತೋ ಎಂದು ತುಟಿ ಬಿಗಿ ಮಾಡಿಕೊಂಡು ಹಾಕಿದ. ಒಂಬತ್ತನೆಯದು ಚೆನ್ನಾಗಿ ಬಂತು.

ಬುಧವಾರವಿಡೀ ಶ್ಶಕ್ಕ ಅದನ್ನು ತೊಳೆದಳು. ಎಂಜಲಿನ ಪಚಪಚ ತೆಗೆದಳು. ಸಂದಿನಿಂದ ಸುಸ್ಸೆಂದು ಸೋರುವ ಗಾಳಿ ತೆಗೆದಳು. ಸ್ವರದ ನಡುವಿನ ಉಸಿರು ತೆಗೆದಳು. ಆರನೆಯ ಸ್ವರ ಸರಿಯಾದ ಜಾಗಕ್ಕೆ ಬರದೆ ತುಸು ಕೆಳಗೆ ಕೂರುತ್ತಿತ್ತು, ಅದನ್ನೂ ಎತ್ತಿ ಜಾಗಕ್ಕೆ ಕೂರಿಸಿದಳು. ಆ ಬಾಯಿಯ ಗುರುತೇ ಇಲ್ಲದ ಹಾಗೆ ಮಾಡಿ ಮುಗಿಸಿದಾಗ ಅವಳಿಗೆ ಸ್ನಾನ ಮಾಡಿದಷ್ಟು ಹಾಯೆನಿಸಿತು. ಎಂದಿನಂತೆ ಚೊಕ್ಕಕ್ಕೆ ಹಾಕಿ, ಕೊಳಕನ್ನು ಅಳಿಸಿದಳು. ಗುರುವಾರ ಅಪ್ಪನ ಹಲ್ಲುಗಳು ಡಾಕ್ಟರ ಸ್ಟೀಲ್ ತಟ್ಟೆಗೆ ಟಣ್ ಟಣ್ ಎಂದು ಬಿದ್ದವು.

ಹಾಡು ಹೊರಗೆ ಬಂತು. ಈ ಸಲ ನೂರಿನ್ನೂರಲ್ಲ, ಸಾವಿರಗಟ್ಟಲೆ ಜನ ಕೇಳಿದರು. ಹೊಗಳಿದರು. ಮೇಲಿನ ಮಹಡಿಯಾಕೆ ಕೂಡ ಮೆಟ್ಟಿಲ ಮೇಲೆ ತಡೆದು, "ಭಾರೀ ಚೆನ್ನಾಗಿದೆ ಕಣ್ರೀ" ಅಂದಳು. ಶ್ಶಕ್ಕ ಮೊದಲ ಬಾರಿಗೆ ಅವಳಿಗೆ ಶ್ ಅನ್ನಲಿಲ್ಲ. ಆದರೆ ಕೇಳಿದವನೊಬ್ಬ ಬರೆದಿದ್ದ ಒಂದು ಸಾಲನ್ನು ಅವಳು ಮೂರು ಸಲ ಓದಿದಳು: 'ಸೂಪರ್. ಸಿಳ್ಳೆಗೆ ಯಾವ ಸಾಫ್ಟ್‌ವೇರ್ ಬಳಸಿದ್ದೀರಿ?'

ಅಯ್ಯೋ, ಅವನಿಗೇನು ಗೊತ್ತು ಎಂದುಕೊಂಡಳು. ಆದರೂ ಅಪ್ಪನಿಗೆ ಹಾಡು ಕೇಳಿಸುವುದನ್ನು ಮುಂದಕ್ಕೆ ಹಾಕಿದಳು. ಬಾಯಿ ಮಾಯಲಿ, ಹೊಸ ಹಲ್ಲಿನ ಸೆಟ್ಟು ಬರಲಿ ಎಂಬ ನೆಪ.

ಸೆಟ್ಟು ಬಂತು. ಬಿಳಿಯಾಗಿ, ಸಾಲಾಗಿ, ಒಂದು ಕೂದಲೂ ತೂರದಷ್ಟು ಒತ್ತಾಗಿ. ಬಾಯಿಯ ವಾಸನೆ ಹೋಗಿತ್ತು. ಅಪ್ಪ ಅಂದು ಮತ್ತೆ ಇಸ್ತ್ರಿ ಅಂಗಿ ತೊಟ್ಟು, ಹೆಗಲಿಗೆ ಟವೆಲ್ ಹಾಕಿಕೊಂಡು ಬಂದು ಕೂತ. ಅವಳು ಹಾಡು ಹಾಕಿದಳು. ಸಿಳ್ಳೆ ಬಂದು ಹೋಯಿತು. ಅಪ್ಪ ತಲೆದೂಗಿದ. ಹಾಡು ಮುಗಿದ ಮೇಲೂ ಕಾದು ಕೂತಿದ್ದ.

"ಚೆನ್ನಾಗಿದೆ ಕಣೇ. ನಂದು ಎಲ್ಲಿ ಬರುತ್ತೆ?"

ಅವಳು ಕಂಪ್ಯೂಟರಿನ ಪರದೆ ಒರೆಸತೊಡಗಿದಳು.

"ಹೋಗ್ಲಿ ಬಿಡು, ಸರಿಯಾಗಿ ಬಂದಿರಲ್ವೇನೋ. ಬೇರೆಯವರ ಹತ್ರ ಹಾಕ್ಸಿದ್ದೀಯಲ್ಲ, ಅದೇ ಚೆನ್ನಾಗಿದೆ. ನಂದು ಗಲೀಜು."

ಎದ್ದು ಹೋಗುವಾಗ ಅಪ್ಪ ಬಾಗಿಲ ಹತ್ತಿರ ನಿಂತು ಹೊಸ ಹಲ್ಲಿನಿಂದ ಒಮ್ಮೆ ಪ್ರಯತ್ನಿಸಿದ. ಫೂ ಎಂದು ಬರೀ ಗಾಳಿ ಬಂತು. ಸೆಟ್ಟು ಸಡಿಲಗೊಂಡು ಕಟಕ್ ಎಂದಿತು. ಅದನ್ನು ಹೆಬ್ಬೆರಳಲ್ಲಿ ಒತ್ತಿಕೊಂಡು ಒಳಗೆ ಹೋದ.

ಶ್ಶಕ್ಕ ಕಂಪ್ಯೂಟರಿನ ಮೇಲೆ ಬಿದ್ದಳು. 'ಕೊಳಕು' ಫೋಲ್ಡರು ಖಾಲಿ, ಹನ್ನೊಂದರಲ್ಲಿ ಒಂದೂ ಇಲ್ಲ. ಅಳಿಸಿದ್ದನ್ನು ಹುಡುಕಿ ತರುವ ಉಪಾಯಗಳನ್ನೆಲ್ಲ ಮಾಡಿದಳು. ಏನೂ ಸಿಗಲಿಲ್ಲ, ಅಷ್ಟು ಚೊಕ್ಕವಾಗಿ ಅಳಿಸಿದ್ದಳು. ತನ್ನ ಹಾಡನ್ನೇ ಇನ್ನೊಮ್ಮೆ ಕೇಳಿದಳು. ಟೀ ಕೆಟಲ್ ಕೂಗಿದ ಹಾಗಿತ್ತು. ಯಾರ ಬಾಯಿಯೂ ಇಲ್ಲದ, ಎಲ್ಲಿಂದಲೂ ಮನೆಗೆ ಬರದ ಸಿಳ್ಳೆ. ಇದಕ್ಕೆ ಸಾವಿರ ಜನರ ಹೊಗಳಿಕೆ ಬೇರೆ ಕೇಡು! ತಲೆಯಿಂದ ಹೆಡ್‌ಫೋನ್ ಕಿತ್ತೆಸೆದಳು.

ಆಮೇಲೆ ನೆನಪಾಯಿತು, ಜೋರು ನೋಡಲು ಹಾಕಿಸಿದ ಆ ಮೊದಲನೆಯದು. ಅದು ಪರೀಕ್ಷೆಯದು. ಅಂಥವೂ ಮುದ್ರಣವಾಗಿ, ತಾವಾಗಿಯೇ ಕಂಪ್ಯೂಟರಿನ ಬೇರೆ ಯಾವುದೋ ಮೂಲೆಯಲ್ಲಿ ಬಿದ್ದಿರುತ್ತವೆ, ಅವಳು ಆ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಹೋಗಿ ನೋಡಿದರೆ ಇತ್ತು. ಹದಿನೇಳು ಸೆಕೆಂಡು.

ಹೆಡ್‌ಫೋನ್ ತಂತಿ ಕಿತ್ತುಹೋಗಿತ್ತು, ಸ್ಪೀಕರಿನಲ್ಲೇ ಹಾಕಿದಳು. ಕೆಮ್ಮು. ತುಟಿ ಒದ್ದೆಯಾಗುವ ಪಚಕ್. ಸುಸ್ಸೆಂದು ಗಾಳಿ ಸೋರಿಸಿಕೊಂಡು ಐದು ಸ್ವರ ಏರಿದವು, ಅದೇ ರಸ್ತೆ, ಅದೇ ತಿರುವು, ಅದೇ ಸಂಜೆ. ಆರನೆಯದು ಜಾರತೊಡಗಿತು. ಅದರ ಮೇಲೆಯೇ ಧಡಾರನೆ ಅವಳ ದನಿ ಬಿತ್ತು: ಥೂ! ಛೀ ಅಪ್ಪ, ಒರೆಸ್ಕೋ! ಏನ್ ಗಲೀಜು!

ಹದಿನಾಲ್ಕು ವರ್ಷ ಊರಿನವರ ಬಾಯಿ ತೊಳೆದಿದ್ದಳು, ಇಷ್ಟು ಹೊಲಸಾದ ಸದ್ದನ್ನು ಕೇಳಿರಲಿಲ್ಲ. ತನ್ನ ದನಿಯ ಮೇಲೇ ಅವಳಿಗೆ ಹೇಸಿಗೆಯಾಯಿತು. ಅದನ್ನು ತೆಗೆಯಲು ಕೂತಳು. ಛೀಯನ್ನು ಕತ್ತರಿಸಿದರೆ ಆರನೆಯ ಸ್ವರವೂ ಹೋಗುತ್ತದೆ. ಸ್ವರ ಉಳಿಸಿದರೆ ಛೀ ಉಳಿಯುತ್ತದೆ. ಎರಡೂ ಒಂದರೊಳಗೊಂದು ಬೆರೆತುಹೋಗಿದ್ದವು. ತಿರುಗಿಸಿ ಮುರುಗಿಸಿ ಮತ್ತೆ ಮತ್ತೆ ಹಾಕಿದಳು.

ಸದ್ದು ಕೇಳಿ ಅಪ್ಪ ಬಂದು ಬಾಗಿಲಲ್ಲಿ ನಿಂತಿದ್ದು ಅವಳಿಗೆ ಗೊತ್ತಾಗಲಿಲ್ಲ.

"ಹಾಂ! ಇದು ನಾನೇ!" ಎಂದ ಅಪ್ಪ, ಮುಖ ಅರಳಿಸಿಕೊಂಡು. "ಇದೇ ನಂದು! ಕೇಳೇ, ಈಗ ಹೇಗೆ ಜಾರುತ್ತೆ ನೋಡು..."

ಅವಳ ಕೈ ನಿಲ್ಲಿಸುವ ಗುಂಡಿಗೆ ಹೋಗುವಷ್ಟರಲ್ಲಿ ಸ್ಪೀಕರಿನಿಂದ ಛೀ ಬಂದೇಬಿಟ್ಟಿತು, ಒರೆಸ್ಕೋ ಬಂದೇಬಿಟ್ಟಿತು.

ಅಪ್ಪ ನಗು ನಿಲ್ಲಿಸಿ, ಹೆಗಲ ಮೇಲಿದ್ದ ಟವೆಲ್ ಎಳೆದು ಬಾಯಿ ಒರೆಸಿಕೊಂಡ.