ಗೋಡೆ ನುಂಗಿದ ಟಿಕೆಟ್

ನಾನು ಚಿಕ್ಕವನಿದ್ದಾಗ ನನ್ನ ಕಾಲುಗಳು ನನ್ನ ಮಾತು ಕೇಳುತ್ತಿರಲಿಲ್ಲ. ಕೂತರೆ ಕುಣಿಯುತ್ತಿದ್ದವು, ನಿಂತರೆ ಓಡೋಣ ಎನ್ನುತ್ತಿದ್ದವು. ಮೊದಲು ಸೇರಿಸಿದ ಶಾಲೆಯಲ್ಲಿ ಮಾಸ್ತರರು ನನ್ನನ್ನು ಮೂರು ಸಲ ಹೊರಗೆ ನಿಲ್ಲಿಸಿದರು, ನಾಲ್ಕನೆಯ ಸಲ ಪಾಟಿ ಚೀಲದ ಸಮೇತ ಮನೆಗೇ ಕಳಿಸಿಬಿಟ್ಟರು. ಆಗ ಅಪ್ಪ ನನ್ನನ್ನು ಕರೆದುಕೊಂಡು ಹೋಗಿ, ಅಕ್ಕ ಓದುತ್ತಿದ್ದ ಸಿಸ್ಟರುಗಳ ಶಾಲೆಗೆ ಸೇರಿಸಿದ.

ಅದು ಶಹಾಬಾದಿನ ಕಲ್ಲಿನ ಗಣಿಗಳಿಗೆ ಹತ್ತಿರವಿದ್ದ ಕ್ಯಾಥೊಲಿಕ್ ಶಾಲೆ. ಒಂದು ಪುಟ್ಟ ಚರ್ಚು, ಅದರ ಹಿಂದೆ ಮೂವರು ಸಿಸ್ಟರುಗಳ ಮನೆ, ಮುಂದೆ ನಾಲ್ಕು ಕೋಣೆಗಳ ಶಾಲೆ. ನೆಲ, ಮೆಟ್ಟಿಲು, ಕಿಟಕಿಯ ಕಟ್ಟೆ ಎಲ್ಲವೂ ನಮ್ಮೂರ ಹಾಸುಗಲ್ಲಿನವು. ಸುತ್ತಲಿನ ಗೋಡೆಯೂ ಅದೇ ಕಲ್ಲಿನದು. ಅದಕ್ಕೆ ಗಾರೆಯಿಲ್ಲ, ಸಿಮೆಂಟಿಲ್ಲ. ಮಕ್ಕಳ ಅಪ್ಪಂದಿರೇ ಭಾನುವಾರಗಳಂದು ಬಂದು ಕಲ್ಲಿನ ಮೇಲೆ ಕಲ್ಲು ಹೇರಿ ಎದೆಯೆತ್ತರಕ್ಕೆ ಕಟ್ಟಿದ್ದರು. ಎರಡು ಸಾಲು ಕಲ್ಲು, ನಡುವೆ ತುಂಬಿದ ಕಲ್ಲುಚೂರು. ನನ್ನ ಅಪ್ಪ ಗಣಿಯಲ್ಲಿ ಕಲ್ಲು ಎಬ್ಬಿಸುವವನು. ಆ ಗೋಡೆಯಲ್ಲಿ ಅವನ ಬೆವರೂ ಇತ್ತು.

ಶಾಲೆ ನಡೆಸುತ್ತಿದ್ದವರನ್ನು ನಾವೆಲ್ಲ ದೊಡ್ಡ ಸಿಸ್ಟರ್ ಎನ್ನುತ್ತಿದ್ದೆವು. ಮಂಗಳೂರಿನ ಕಡೆಯವರು. ಪುಸ್ತಕದಲ್ಲಿ ಬರೆದ ಹಾಗೆ ಕನ್ನಡ ಮಾತಾಡುತ್ತಿದ್ದರು. ಒಂದು ಮೊಣಕಾಲು ಯಾವಾಗಲೂ ಬಾತಿರುತ್ತಿತ್ತು, ಅದರಿಂದ ನಡೆಯುವಾಗ ಒಂದು ಕಡೆಗೆ ವಾಲುತ್ತಿದ್ದರು. ಮೊದಲ ದಿನ ನಾನು ಆರು ಸಲ ಎದ್ದು ನಿಂತದ್ದನ್ನು ಬಾಗಿಲಲ್ಲಿ ನಿಂತು ಎಣಿಸಿದ ಅವರು ಹೊಡೆಯಲಿಲ್ಲ. "ಈ ಕಾಲುಗಳಿಗೆ ಏನಾದರೂ ಕೆಲಸ ಕೊಡಬೇಕಲ್ಲ" ಎಂದರು. ಬೇವಿನ ಮರಕ್ಕೆ ರೈಲು ಹಳಿಯ ಒಂದು ತುಂಡನ್ನು ನೇತು ಹಾಕಿದ್ದರು. ಅದೇ ನಮ್ಮ ಗಂಟೆ. ಅದನ್ನು ಬಾರಿಸುವ ಸುತ್ತಿಗೆಯನ್ನು ನನ್ನ ಕೈಗೆ ಕೊಟ್ಟರು. ಹಾಜರಿ ಪುಸ್ತಕಗಳನ್ನು ಕೋಣೆಯಿಂದ ಕೋಣೆಗೆ ಒಯ್ಯುವ ಕೆಲಸವೂ ನನ್ನದೇ ಆಯಿತು. ಅಂದಿನಿಂದ ನನ್ನನ್ನು ಯಾರೂ ಹೊರಗೆ ನಿಲ್ಲಿಸಲಿಲ್ಲ.

ನಾನು ಮೂರನೆಯ ತರಗತಿಯಲ್ಲಿದ್ದ ವರ್ಷದ ಮಾತು ಇದು. ಮಳೆಗಾಲದ ಕೊನೆ. ಮೇರಿ ಮಾತೆಯ ಹುಟ್ಟುಹಬ್ಬಕ್ಕೆ ಮುಂಚೆ ಒಂಬತ್ತು ದಿನ ಶಾಲೆಯ ಮಕ್ಕಳೆಲ್ಲ ಬುಟ್ಟಿಯಲ್ಲಿ ಹೂ ತರುವುದು ದೊಡ್ಡ ಸಿಸ್ಟರ್ ತಮ್ಮ ಊರಿನಿಂದ ತಂದ ಪದ್ಧತಿ. ಮನೆಯಲ್ಲಿ ಬಸವಣ್ಣನನ್ನು ಪೂಜಿಸುವವರು, ಬುದ್ಧನ ಪಟ ಇಟ್ಟುಕೊಂಡವರು, ನಮಾಜು ಮಾಡುವವರು, ಎಲ್ಲರ ಮಕ್ಕಳೂ ಹೂ ತರುತ್ತಿದ್ದೆವು. ಅಂದು ನಾನೂ ಅಕ್ಕನೂ ಹೊಲದ ಬದುವಿನಲ್ಲಿ ಹಳದಿ ತಂಗಡಿ ಹೂ ಕಿತ್ತುಕೊಂಡು, ಅಂಗಾಲಿಗೆ ರೊಟ್ಟಿಯಂತೆ ಮೆತ್ತಿಕೊಂಡ ಕಪ್ಪು ಮಣ್ಣನ್ನು ಕಲ್ಲಿಗೆ ಒರೆಸುತ್ತ ಹೋಗುತ್ತಿದ್ದೆವು. ಅಕ್ಕ ನಾಲ್ಕನೆಯ ತರಗತಿ. ಸುದ್ದಿಗಳೆಲ್ಲ ಅವಳಿಗೆ ಮೊದಲು ಸಿಗುತ್ತಿದ್ದವು.

"ನಿನಗ ಗೊತ್ತದ ಇಲ್ಲ? ದೊಡ್ಡ ಸಿಸ್ಟರ್ ಹೊಂಟಾರ. ಇವತ್ತೇ, ವಾಡಿ ಸ್ಟೇಷನ್ನಿಂದ ಗಾಡಿ" ಎಂದಳು.

"ಎಲ್ಲಿಗಿ?"

"ಅವರ ಊರಿಗಿ. ಟ್ರಂಕ್ ಹೊರಗ ಇಟ್ಟಾರ, ನಾ ನಿನ್ನೇನೇ ನೋಡೀನಿ."

ಹೂವಿನ ಬುಟ್ಟಿ ಅಕ್ಕನ ಕೈಗೆ ತುರುಕಿ ಓಡಿದೆ. ನಿಜವೇ. ಸಿಸ್ಟರುಗಳ ಮನೆಯ ಕಟ್ಟೆಯ ಮೇಲೆ ಹಗ್ಗ ಕಟ್ಟಿದ ಹಸಿರು ಟ್ರಂಕು ಕೂತಿತ್ತು. ಅದರ ಮೇಲೆ ಮಡಚಿದ ಕಪ್ಪು ಕೊಡೆ. ಪ್ರಾರ್ಥನೆಯ ಹೊತ್ತಿನಲ್ಲಿ ದೊಡ್ಡ ಸಿಸ್ಟರ್ ಎಂದಿನಂತೆ ನಿಂತಿದ್ದರು, ಆದರೆ ಹಾಡಲಿಲ್ಲ. ಅವರು ಹೋದರೆ ಸುತ್ತಿಗೆ ಯಾರ ಕೈಗೆ ಹೋದೀತು, ನನ್ನನ್ನು ಮತ್ತೆ ಬಾಗಿಲ ಹೊರಗೆ ನಿಲ್ಲಿಸಿಯಾರೇ ಎಂಬುದೇ ತಲೆಯಲ್ಲಿ ಸುತ್ತುತ್ತಿತ್ತು. ಎರಡನೆಯ ಪಿರಿಯಡ್ಡಿಗೆ ಎರಡು ಬಾರಿಸುವ ಬದಲು ಐದು ಬಾರಿಸಿದೆ. ಒಂದನೆಯ ತರಗತಿಯ ಮಕ್ಕಳು ಊಟದ ತಟ್ಟೆ ಹಿಡಿದು ಹೊರಗೆ ಬಂದುಬಿಟ್ಟರು.

ಹಾಜರಿ ಪುಸ್ತಕಗಳನ್ನು ಇಡಲು ಸಿಸ್ಟರ್ ಕೋಣೆಗೆ ಹೋದಾಗ ಒಳಗೆ ಯಾರೂ ಇರಲಿಲ್ಲ. ಮೇಜಿನ ಮೇಲೆ ಪ್ರಾರ್ಥನೆಯ ಪುಸ್ತಕ, ಅದರ ಮೇಲೆ ಒಂದು ರೈಲು ಟಿಕೆಟ್. ಆಗಿನ ಟಿಕೆಟ್ ಎಂದರೆ ಬೆಂಕಿಪೊಟ್ಟಣದಷ್ಟು ಉದ್ದದ ದಪ್ಪ ರಟ್ಟಿನ ತುಂಡು. ಅದಕ್ಕೆ ಮಲಗುವ ಜಾಗದ ನಂಬರು ಬರೆದ ಚೀಟಿಯನ್ನು ಮಡಚಿ ಗುಂಡುಸೂಜಿ ಚುಚ್ಚಿದ್ದರು. ಟಿಕೆಟ್ ಇಲ್ಲದೆ ರೈಲು ಹತ್ತಬಾರದೆಂದು ದೊಡ್ಡ ಸಿಸ್ಟರೇ ನಮಗೆ ಪಾಠ ಮಾಡಿದ್ದರು. ನಾನು ಬಹಳ ಯೋಚಿಸಲಿಲ್ಲ. ಮೇಜಿನ ಮೇಲಿದ್ದದ್ದು ಚಡ್ಡಿಯ ಜೇಬಿಗೆ ಬಂತು. ಅಲ್ಲಿ ಅದು ಕೆಂಡದಂತೆ ಸುಡತೊಡಗಿತು. ಹಿತ್ತಿಲಿಗೆ ಓಡಿ, ಗೋಡೆಯ ಎರಡು ಕಲ್ಲುಗಳ ಸಂದಿಗೆ ಅದನ್ನು ತೂರಿಸಿದೆ. ಬೆರಳು ತೆಗೆಯುವುದರೊಳಗೆ ಟಿಕೆಟ್ ಜಾರಿತು. ಟಿಕ್, ಟಿಕ್ ಎಂದು ಕಲ್ಲಿಗೆ ತಾಗುತ್ತ ಒಳಗೆಲ್ಲೋ ಕೆಳಗಿಳಿದ ಸದ್ದು ಕೇಳಿಸಿತು.

ತಿರುಗಿ ತರಗತಿಗೆ ಬಂದು ಕೂತೆ. ಸ್ವಲ್ಪ ಹೊತ್ತಿಗೆ ಹೊರಗೆ ಓಡಾಟ ಶುರುವಾಯಿತು. ಕಪಾಟು ತೆರೆದ ಸದ್ದು, ಟ್ರಂಕಿನ ಹಗ್ಗ ಬಿಚ್ಚಿದ ಸದ್ದು. ನಮ್ಮ ಟೀಚರ್ ಒಳಗೆ ಬಂದು ಎಲ್ಲರೂ ಹುಡುಕಬೇಕೆಂದರು. ಇಡೀ ಶಾಲೆ ಹೊರಗೆ ಬಂತು. ಚಾಪೆ ಕೊಡವಿದರು, ಹೂವಿನ ಬುಟ್ಟಿಗಳನ್ನು ಬೋರಲು ಹಾಕಿದರು, ಉಪ್ಪಿಟ್ಟಿನ ಪಾತ್ರೆಯ ಕೆಳಗೂ ನೋಡಿದರು. ನಾನೂ ಎಲ್ಲರ ಜೊತೆ ಹುಡುಕುವವನಂತೆ ಬಗ್ಗಿ ಬಗ್ಗಿ ನೋಡಿದೆ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಅಕ್ಕ ಟೀಚರನ್ನು ಕೇಳಿಯೇಬಿಟ್ಟಳು. "ಇವತ್ತಿಲ್ಲಾಂದ್ರ ನಾಳಿ ಹೋಗ್ತಾರ ಬಿಡ್ರಿ ಟೀಚರ್?"

"ನಾಳಿಗಿ ಜಾಗಾ ಸಿಗಲ್ಲವ್ವ. ಎರಡು ದಿನದ ದಾರಿ, ಆ ಕಾಲ್ ಇಟಗೊಂಡು ನಿಂತು ಹೆಂಗ ಹೋಗ್ತಾರ? ಅವರ ಅವ್ವಗ ಭಾಳ ಆರಾಮಿಲ್ಲ. ಜಲ್ದಿ ಬಾ ಅಂತ ನಿನ್ನಿ ತಾರ್ ಬಂದದ. ಆರು ವರ್ಷ ಆಯ್ತು ಅವ್ವನ ಮಾರಿ ನೋಡಿಲ್ಲ ಅವರು."

ತಾರ್ ಎಂದರೆ ಟೆಲಿಗ್ರಾಂ. ಅದು ಬಂದ ಮನೆಯಲ್ಲಿ ಒಲೆ ಹೊತ್ತುತ್ತಿರಲಿಲ್ಲ ಎಂಬುದು ನನಗೂ ಗೊತ್ತಿತ್ತು. ದೊಡ್ಡ ಸಿಸ್ಟರ್ ಮೆಟ್ಟಿಲ ಮೇಲೆ ಕೂತಿದ್ದರು. ಅವರು ಹಾಗೆ ಸುಮ್ಮನೆ ಕೂತದ್ದನ್ನು ನಾನು ಎಂದೂ ನೋಡಿರಲಿಲ್ಲ.

ಹಿತ್ತಿಲಿಗೆ ಓಡಿದೆ. ಸಂದಿಯಲ್ಲಿ ಬೆರಳು ಹಾಕಿದೆ, ಹೋಗಲಿಲ್ಲ. ಕಡ್ಡಿ ಹಾಕಿ ಕೆದಕಿದೆ. ಟಿಕ್ ಎಂದು ಇನ್ನಷ್ಟು ಕೆಳಗೆ ಬಿತ್ತು. ತಲೆಯೆತ್ತಿದರೆ ಮೋಡ ಗಣಿಯ ಮೇಲಿನಿಂದ ಎದ್ದು ಬರುತ್ತಿತ್ತು, ಒದ್ದೆ ಗಾಳಿ ಬೀಸುತ್ತಿತ್ತು. ಮಳೆ ಬಿದ್ದರೆ ಚೀಟಿಯ ಮೇಲಿನ ಶಾಯಿ ಉಳಿದೀತೇ? ಹಿಂದೆ ಅಕ್ಕ ಬಂದು ನಿಂತಿದ್ದಳು. ನನ್ನ ಮುಖ, ಕೈಯಲ್ಲಿದ್ದ ಕಡ್ಡಿ ನೋಡಿದವಳೇ ನನ್ನ ರಟ್ಟೆ ಹಿಡಿದು ಎಳೆದುಕೊಂಡು ಹೋಗಿ ದೊಡ್ಡ ಸಿಸ್ಟರ್ ಮುಂದೆ ನಿಲ್ಲಿಸಿದಳು.

"ನಾನೇ ತಗೊಂಡೀನ್ರಿ" ಎಂದೆ. "ಗ್ವಾಡ್ಯಾಗ ಅದ."

ಅವರು ಬಾಗಿಲ ಕಂಬ ಹಿಡಿದು ಎದ್ದು, "ಎಲ್ಲಿ, ತೋರಿಸು" ಎಂದರಷ್ಟೆ.

ಅಕ್ಕ ಗಣಿಗೆ ಓಡಿ ಅಪ್ಪನನ್ನು ಕರೆತಂದಳು. ಅಪ್ಪನ ಜೊತೆ ಇನ್ನಿಬ್ಬರು, ಹೆಗಲ ಮೇಲೆ ಹಾರೆ, ಸಲಿಕೆಗಳು. ಅಪ್ಪನ ಹುಬ್ಬು, ಮೀಸೆ ಎಲ್ಲ ಕಲ್ಲಿನ ಹುಡಿಯಿಂದ ಬೆಳ್ಳಗಾಗಿದ್ದವು. ಅವನು ಹತ್ತಿರ ಬಂದಾಗ ನಾನು ಏಟಿಗಾಗಿ ಕಣ್ಣು ಮುಚ್ಚಿದೆ.

"ಕಣ್ಣ್ ತೆಗಿ. ಯಾವ ಕಲ್ಲು ಅಂತ ಬೊಟ್ಟ ಇಟ್ಟು ತೋರಸು."

ನಾನು ತೋರಿಸಿದೆ. ಅಪ್ಪ ಗೋಡೆಯನ್ನು ಮೇಲಿಂದ ಕೆಳಗೆ ನೋಡಿ, "ಬಿಚ್ಚಬೇಕಾಗ್ತದ್ರಿ ಸಿಸ್ಟರ್. ಎರಡು ಮಾರು ಪೂರಾ" ಎಂದ.

"ನೀವು ಎಷ್ಟು ಭಾನುವಾರ ಬಂದು ಕಟ್ಟಿದ ಗೋಡೆ ಅದು..."

"ಕಟ್ಟಿದ ಕೈ ಇಲ್ಲೇ ಅದಾವ್ರಿ, ಮತ್ತ ಕಟ್ಟತಾವ. ನೀವು ಮೊದಲ ನಿಮ್ಮವ್ವನ್ನ ನೋಡ್ರಿ."

ಹಾರೆಯ ತುದಿ ಕಲ್ಲಿನ ಕೆಳಗೆ ಹೋಯಿತು. ಅಪ್ಪ ಮತ್ತು ಗೆಳೆಯರು ದೊಡ್ಡ ಕಲ್ಲುಗಳನ್ನು ಇಳಿಸಿದರು. ಹಗುರವಾದವನ್ನು ನಾಲ್ಕನೆಯ ತರಗತಿಯ ಮಕ್ಕಳು ಇಬ್ಬಿಬ್ಬರಾಗಿ ಹಿಡಿದು ಸಾಲಾಗಿ ಸಾಗಿಸಿದರು. ಗಣಿಯವರ ಮಕ್ಕಳಿಗೆ ಕಲ್ಲು ಹಿಡಿಯುವುದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಚಿಕ್ಕವರು ಕಲ್ಲುಚೂರನ್ನು ಲಂಗದ ಮಡಿಲಲ್ಲಿ, ತಟ್ಟೆಗಳಲ್ಲಿ ತುಂಬಿಕೊಂಡು ಹೋದರು. ಮೂರನೆಯ ಸಾಲಿನ ಕೆಳಗೆ ಒಂದು ಚೇಳು ಬಾಲವೆತ್ತಿ ಹೊರಬಂತು. ಎಲ್ಲರೂ ಚೀರಿ ಹಿಂದೆ ಸರಿದರು, ಅಪ್ಪ ಅದನ್ನು ಸಲಿಕೆಯಲ್ಲಿ ಎತ್ತಿ ದೂರ ಬಿಟ್ಟು ಬಂದ. ಎಬ್ಬಿಸಿದ ಕಲ್ಲಿನ ಅಡಿಯಿಂದ ಹಳೆಯ ಮಳೆಯ ವಾಸನೆ ಬರುತ್ತಿತ್ತು. ನನ್ನ ಬೆರಳ ತುದಿ ಸುಲಿದು ರಕ್ತ ಜಿನುಗುತ್ತಿತ್ತು, ಆದರೂ ನಿಲ್ಲಲು ಮನಸ್ಸಾಗಲಿಲ್ಲ.

ಆಗ ಮೊದಲ ಹನಿಗಳು ಬಿದ್ದವು. ಬಿಳಿ ಕಲ್ಲಿನ ಮೇಲೆ ಕಪ್ಪು ಚುಕ್ಕೆಗಳು. ದೊಡ್ಡ ಸಿಸ್ಟರ್ ತಮ್ಮ ಕೊಡೆ ಬಿಚ್ಚಿದರು, ತಮ್ಮ ತಲೆಗಲ್ಲ, ಬಿಚ್ಚಿದ ಗೋಡೆಯ ಮೇಲೆ ಹಿಡಿದರು. ಟೀಚರ್ ಚಾಪೆ ತಂದು ಹೊದಿಸಿದರು. ವಾಡಿಯಲ್ಲಿ ಗಾಡಿ ಬರಲು ಇನ್ನು ಒಂದು ತಾಸು ಮಾತ್ರ ಇತ್ತು. ಅಪ್ಪ ಒಂದು ದೊಡ್ಡ ಕಲ್ಲನ್ನು ಹಾರೆಯಿಂದ ಮೀಟಿ ಹಿಡಿದ. ಕೆಳಗೆ ಮೂರು ಬೆರಳಗಲದ ಸಂದಿ ಕಂಡಿತು. ನನ್ನ ಕೈ ಅಲ್ಲಿ ಹಿಡಿಸಲಿಲ್ಲ. ಒಂದನೆಯ ತರಗತಿಯ ಒಬ್ಬಳು ಹುಡುಗಿ, ಸೇಡಂ ಆಚೆಯ ತೆಲುಗು ಸೀಮೆಯಿಂದ ಗಣಿಗೆ ಬಂದವರ ಮಗಳು, ಇನ್ನೂ ಕನ್ನಡ ಸರಿಯಾಗಿ ಬಾರದವಳು, ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿ ಕೈ ಒಳಗೆ ಹಾಕಿದಳು. ಭುಜದ ತನಕ ಹೋಯಿತು.

"ದೊರಿಕಿಂದಿ!" ಎಂದಳು. ತೆಲುಗಿನಲ್ಲಿ ಸಿಕ್ಕಿತು ಎಂದು. ಅವಳ ಮುಷ್ಟಿಯಲ್ಲಿ ಟಿಕೆಟ್ ಇತ್ತು. ಚೀಟಿಯ ಒಂದು ಮೂಲೆ ಮಾತ್ರ ತೊಯ್ದಿತ್ತು. ನಂಬರು ಓದಲು ಬರುತ್ತಿತ್ತು.

ಕಲ್ಲು ಸಾಗಿಸುವ ಲಾರಿ ಗೇಟಿನ ಮುಂದೆ ಬಂದು ನಿಂತಿತು. ಅಪ್ಪ ಟ್ರಂಕು ಏರಿಸಿದ. ದೊಡ್ಡ ಸಿಸ್ಟರ್ ಹತ್ತುವ ಮುನ್ನ ನನ್ನ ಕಡೆ ತಿರುಗಿದರು.

"ಯಾಕೆ ಹೀಗೆ ಮಾಡಿದೆ?"

"ನೀವು ಹೋದ್ರ ನನಗ ಮತ್ತ ಹೊರಗ ನಿಂದ್ರಸ್ತಾರ್ರಿ."

"ನಾನು ತಿರುಗಿ ಬರುವುದಿಲ್ಲ ಎಂದು ನಿನಗೆ ಯಾರು ಹೇಳಿದರು?"

ನಾನು ಅಕ್ಕನ ಮುಖ ನೋಡಿದೆ. ಅಕ್ಕ ನೆಲ ನೋಡಿದಳು. ನಾವಿಬ್ಬರೂ ಆ ಒಂದು ಮಾತನ್ನು ಯಾರನ್ನೂ ಕೇಳಿರಲಿಲ್ಲ.

"ನನಗೆ ಸಿಟ್ಟು ಬಂದಿದೆ. ತುಂಬ ಬಂದಿದೆ" ಎಂದರು ದೊಡ್ಡ ಸಿಸ್ಟರ್. "ಅದು ಇಳಿಯಲು ವಾಡಿಯ ತನಕ ಬೇಕು. ನಾನು ಬರುವುದರೊಳಗೆ ಗೋಡೆ ನಿಂತಿರಬೇಕು." ಲಾರಿ ಕೆಸರು ಹಾರಿಸುತ್ತ ಹೊರಟಿತು. ಗಾಡಿ ಸಿಕ್ಕಿತೆಂದು ಸಂಜೆ ಡ್ರೈವರ್ ಬಂದು ಹೇಳುವ ತನಕ ನಾನು ಗೇಟು ಬಿಟ್ಟು ಕದಲಲಿಲ್ಲ.

ಅವರ ಕಾಗದ ಬರಲು ಹದಿನೈದು ದಿನ ಹಿಡಿಯಿತು. ಟೀಚರ್ ಅದನ್ನು ಪ್ರಾರ್ಥನೆಯ ಹೊತ್ತಿನಲ್ಲಿ ಓದಿದರು. ಅವರ ಅವ್ವ ಮಗಳ ಗುರುತು ಹಿಡಿದರಂತೆ, ಕೈ ಬಿಡದೆ ಮಾತಾಡಿದರಂತೆ. ಒಂಬತ್ತನೆಯ ದಿನ ತೀರಿಕೊಂಡರಂತೆ. ನಾವೆಲ್ಲ ಅತ್ತೆವು. ನಾನು ಹೆಚ್ಚು ಅತ್ತೆ. ಎರಡು ಭಾನುವಾರ ಅಪ್ಪನ ಜೊತೆ ಕಲ್ಲು ಹೊತ್ತು ಗೋಡೆ ಕಟ್ಟಿದೆ. ಹೊಲದಲ್ಲಿ ಜೋಳ ಮೊಣಕಾಲೆತ್ತರ ಬಂದಾಗ ದೊಡ್ಡ ಸಿಸ್ಟರ್ ವಾಲುತ್ತ ವಾಲುತ್ತ ಗೇಟಿನೊಳಗೆ ಬಂದರು. ಹೊಸದಾಗಿ ಕಟ್ಟಿದ ಕಡೆ ಒಂದು ಕಲ್ಲನ್ನು ಕೈಯಿಂದ ಅಲುಗಿಸಿ ನೋಡಿದರು. ಅಲುಗಲಿಲ್ಲ. "ಅಮ್ಮನಿಗೆ ನಿನ್ನ ಕಥೆ ಹೇಳಿದೆ. ಕಣ್ಣು ಮುಚ್ಚಿಕೊಂಡೇ ನಕ್ಕಳು" ಎಂದರು.

ಮೊಮ್ಮಕ್ಕಳೇ, ನಿಮ್ಮ ಶಾಲೆಗೆ ಹಳದಿ ಬಸ್ಸು ಬರುತ್ತದೆ. ಗಂಟೆ ತಾನಾಗಿ ಬಾರಿಸಿಕೊಳ್ಳುತ್ತದೆ. ಯಾವ ದಿನ ಯಾವ ಪಾಠ, ಯಾರಿಗೆ ರಜೆ ಎಂಬುದು ನಿಮ್ಮ ಅವ್ವನ ಮೊಬೈಲಿಗೆ ಬರುತ್ತದೆ. ಹೋದ ತಿಂಗಳು ನಿಮ್ಮ ಮಿಸ್ ನಾಲ್ಕು ದಿನ ಬರಲಿಲ್ಲ. ಯಾಕೆ ಎಂದು ನಾನು ಕೇಳಿದೆ. "ಗೊತ್ತಿಲ್ಲ ಅಜ್ಜ, ಬ್ಯಾರೆ ಮಿಸ್ ಬಂದಾರ" ಎಂದಿರಿ. ಮರುದಿನ ನೀವೇ ಗೇಟಿನ ಕಾವಲುಗಾರನನ್ನು ಕೇಳಿ ಬಂದಿರಿ. ಮಿಸ್ ಅವರ ಅಪ್ಪನಿಗೆ ಆರಾಮಿಲ್ಲ, ಮಿಸ್ ತಮ್ಮೂರು ತೆಂಗಳಿಗೆ ಹೋಗಿದ್ದಾರೆ. ಆಗ ನೀವಿಬ್ಬರೂ ನನ್ನ ಮೊಬೈಲು ಕಸಿದುಕೊಂಡು, ಅಂಗಳದ ಗೆಳೆಯರನ್ನೆಲ್ಲ ಕೂಡಿಸಿ, ಒಬ್ಬರ ಮೇಲೊಬ್ಬರು ಬಿದ್ದು ದನಿ ರೆಕಾರ್ಡ್ ಮಾಡಿ ಮಿಸ್‌ಗೆ ಕಳಿಸಿದಿರಿ. "ಮಿಸ್, ನಿಮ್ಮ ಅಪ್ಪಾಜಿ ಹೆಂಗ ಅದಾರ್ರಿ?"

ನಮ್ಮ ದೊಡ್ಡ ಸಿಸ್ಟರ್ ಕಾಗದಕ್ಕೆ ಹದಿನೈದು ದಿನ ಬೇಕಾಗಿತ್ತು. ನಿಮ್ಮ ಮಿಸ್ ಉತ್ತರ ನನ್ನ ಬಟ್ಟಲಿನ ಚಹಾ ಆರುವ ಮೊದಲೇ ಬಂತು. ಅದನ್ನು ಒತ್ತಿದಾಗ ಮೊದಲು ಬರೀ ಉಸಿರು ಕೇಳಿಸಿತು. ಆಮೇಲೆ ಅವರು ಮೂಗು ಒರೆಸಿಕೊಂಡು ಒಬ್ಬೊಬ್ಬರ ಹೆಸರು ಹಿಡಿದು ಕರೆದರು.