ಸಮನ್ವಿತಾಳ ಸ್ನಾನದ ಕುರ್ಚಿ

ಜರಗನಹಳ್ಳಿಯ ಬೈರಮ್ಮ ಮೂವತ್ತು ವರ್ಷಗಳಿಂದ ಹಸುಗೂಸುಗಳಿಗೆ ನೀರು ಹಾಕುತ್ತ ಬಂದವಳು. ಮಣೆಯ ಮೇಲೆ ಕೂತು, ಕಾಲು ಚಾಚಿ, ಮಗುವನ್ನು ಅದರ ಮೇಲೆ ಬೋರಲು ಹಾಕಿಕೊಂಡಳೆಂದರೆ ಎಂಥ ಹಟಮಾರಿ ಕೂಸೂ ಮೆತ್ತಗಾಗುತ್ತಿತ್ತು. ಪದ್ಮನಾಭನಗರದ ಶ್ವೇತ ಕೂಡ ಅವಳ ಕಾಲ ಮೇಲೆ ಮಿಂದು ಬೆಳೆದವಳೇ. ಆ ಶ್ವೇತಳಿಗೆ ಈಗ ಹೆಣ್ಣು ಮಗುವಾಗಿದೆ ಎಂದು ಕೇಳಿದ್ದೇ, ಬೈರಮ್ಮ ಬೇರೆ ಎರಡು ಮನೆಯವರಿಗೆ ಬಿಡುವಿಲ್ಲ ಎಂದುಬಿಟ್ಟಳು.

ಕರೆ ಬಂತು. ಆದರೆ ಬಾಣಂತಿಗೆ ಎಣ್ಣೆ ಹಚ್ಚಿ ನೀರು ಹಾಕುವುದಕ್ಕೆ ಮಾತ್ರ.

"ಪಾಪೂಗೆ ಲತಾಮಣಿ ಅಂತ ಒಬ್ರು ಬರ್ತಾರೆ ಬೈರಮ್ಮ. ಟ್ರೈನಿಂಗ್ ಆಗಿದೆ ಅವ್ರಿಗೆ," ಎಂದಳು ಶ್ವೇತ. "ಮೂಗಿಗೆ ಎಣ್ಣೆ ಬಿಡೋದು, ಸಾಂಬ್ರಾಣಿ ಹೊಗೆ, ಇದೆಲ್ಲ ಡಾಕ್ಟ್ರು ಬೇಡ ಅಂದಿದ್ದಾರೆ."

ನಿನ್ನ ಮೂಗಿಗೂ ನಾನೇ ಎಣ್ಣೆ ಬಿಟ್ಟಿದ್ದು ಎಂಬ ಮಾತು ನಾಲಿಗೆಯ ತುದಿಗೆ ಬಂತು. ಬೈರಮ್ಮ ಆಗಲಿ, ಬರ್ತೀನಿ ಎಂದಳು.

ಶ್ವೇತ ಬಸುರಿಯಾಗಿದ್ದಾಗಿನಿಂದಲೂ ಮಗುವಿನ ಸಾಮಾನುಗಳ ಬಗ್ಗೆ ಓದಿದ್ದೇ ಓದಿದ್ದು. ಗಾಜಿನ ಬಾಟಲಿ, ವಾಸನೆಯಿಲ್ಲದ ಸೋಪು, ನೀರಿನ ಬಿಸಿ ಅಳೆಯುವ ಥರ್ಮಾಮೀಟರು, ಒಂದೊಂದನ್ನೂ ಹತ್ತು ಸಲ ಯೋಚಿಸಿ ತರಿಸಿದ್ದಳು. ಮಗು ಸಮನ್ವಿತಾಳಿಗೆ ಮೂರು ತಿಂಗಳು ತುಂಬುವಾಗ ಒರಗಿಸಿ ಮಲಗಿಸುವ ಸ್ನಾನದ ಕುರ್ಚಿಯೂ ಬಂತು. ಯಾವುದಕ್ಕೂ ಬೈರಮ್ಮನನ್ನು ಒಂದು ಮಾತು ಕೇಳಲಿಲ್ಲ.

ಬಚ್ಚಲ ಬಾಗಿಲಲ್ಲಿ ನಿಂತು ಅವಳು ನೋಡುತ್ತಿದ್ದಳು. ಲತಾಮಣಿ ಮೆಲ್ಲಗೆ ನೀರು ಹಾಕಿದರೆ ಸಮನ್ವಿತಾ ಬೊಚ್ಚುಬಾಯಿ ತೆರೆದು ನಗುತ್ತಿದ್ದಳು. ತನ್ನ ಕಾಲ ಮೇಲೆ ಮಕ್ಕಳು ಅತ್ತದ್ದೇ ಹೆಚ್ಚು. ಆಮೇಲೆ ಚೆನ್ನಾಗಿ ನಿದ್ದೆ ಮಾಡುತ್ತಿದ್ದವು, ಅಷ್ಟೆ. ಆ ನಗು ಕೇಳಿದಾಗೆಲ್ಲ ಬೈರಮ್ಮನ ಹೊಟ್ಟೆಯಲ್ಲಿ ಕೆಂಡ ಇಟ್ಟಂತಾಗುತ್ತಿತ್ತು.

ಒಂದು ಸೋಮವಾರ ಅವಳ ಕಣ್ಣಿಗೆ ಬಿತ್ತು: ಕುರ್ಚಿಯ ಹಿಂಗಾಲಿನ ರಬ್ಬರು ಸೀಳಿಹೋಗಿದೆ. ಒದ್ದೆ ನೆಲದ ಮೇಲೆ ಆ ಕಾಲು ಒಂದಿಷ್ಟು ಸರಿಯುತ್ತಿದೆ. ಹೇಳಬೇಕೆಂದು ಬಾಯಿ ತೆರೆದವಳು ಮುಚ್ಚಿಕೊಂಡಳು. ಜಾರಲಿ. ಮಗುವಿಗೆ ಏನೂ ಆಗದಷ್ಟು ಜಾರಲಿ. ಟ್ರೈನಿಂಗಿನ ಯೋಗ್ಯತೆ ಎಲ್ಲರಿಗೂ ಕಾಣಲಿ.

ಮಂಗಳವಾರ, ಬುಧವಾರ ಅವಳು ಆ ಕಾಲನ್ನೇ ನೋಡುತ್ತ ನಿಂತಳು. ಗುರುವಾರ ಕುರ್ಚಿ ಸರ್ರನೆ ಜಾರಿ ಒಂದು ಪಕ್ಕಕ್ಕೆ ವಾಲಿತು.

"ಅಯ್ಯೋ ಕೂಸು!" ಬೈರಮ್ಮ ಕಿರುಚಿದಳು. ಕೈಯಲ್ಲಿದ್ದ ಎಣ್ಣೆ ಬಟ್ಟಲು ನೆಲಕ್ಕೆ ಬಿತ್ತು.

ಮಗು ಬೀಳಲಿಲ್ಲ. ಲತಾಮಣಿಯ ಎಡಗೈ ಅದರ ಕತ್ತಿನ ಕೆಳಗಿತ್ತು. ದಿನವೂ ಅಲ್ಲೇ ಇರುತ್ತಿತ್ತು. ಬೈರಮ್ಮ ನೋಡಿರಲಿಲ್ಲ.

ಶ್ವೇತ ಓಡಿ ಬಂದಳು.

"ಪಾಪೂಗೇನಾಗಿಲ್ಲ ಮೇಡಂ," ಎಂದಳು ಲತಾಮಣಿ. ಮಗುವನ್ನು ಶ್ವೇತಳ ಕೈಗಿತ್ತು ಕುರ್ಚಿಯ ಕಾಲು ತಿರುಗಿಸಿ ನೋಡಿದಳು. "ರಬ್ಬರ್ ಹರಿದಿದೆ. ನಾನು ದಿನಾ ನೋಡ್ಬೇಕಿತ್ತು, ನಂದೇ ತಪ್ಪು. ಆಂಟಿ ಮೊದ್ಲೇ ನೋಡಿ ಕೂಗಿದ್ರು."

"ನಿಮ್ಮ ಕಣ್ಣು ಅಂದ್ರೆ ಕಣ್ಣು ಬೈರಮ್ಮ," ಎಂದಳು ಶ್ವೇತ.

ತಿಂಗಳುಗಟ್ಟಲೆ ಕಾದಿದ್ದ ಮಾತು. ಆದರೆ ಬೈರಮ್ಮ ಇಲ್ಲವೆಂದು ತಲೆಯಾಡಿಸಿದಳು.

"ಸೋಮವಾರವೇ ನೋಡಿದ್ದೆ ಕಣಮ್ಮ. ಹೇಳ್ಲಿಲ್ಲ."

"ಯಾಕೆ?"

"ಇವ್ಳಿಗೆ ಕೆಟ್ಟ ಹೆಸರು ಬರ್ಲಿ ಅಂತ."

ಶ್ವೇತ ಮಗುವನ್ನು ಟವೆಲಿನಲ್ಲಿ ಸುತ್ತಿ ಎದೆಗೊತ್ತಿಕೊಂಡಳು. "ನಾಳೆಯಿಂದ ಬರ್ಬೇಡಿ," ಎಂದಷ್ಟೇ ಹೇಳಿ ಒಳಗೆ ಹೋದಳು.

ಹದಿನೈದು ದಿನ ಕಳೆದ ಮೇಲೆ ಫೋನ್ ಬಂತು. ಲತಾಮಣಿ.

"ಆಂಟಿ, ಹೊಸ ಟಬ್ ತಗೊಳೋಕೆ ಜಯನಗರಕ್ಕೆ ಹೋಗ್ತಿದೀವಿ. ನೀವೂ ಬನ್ನಿ. ಮೇಡಂನ ನಾನೇ ಒಪ್ಪಿಸಿದೀನಿ. ನನಗೆ ಕಾಣ್ದೆ ಇದ್ದಿದ್ದು ನಿಮಗೆ ಕಂಡಿತ್ತಲ್ಲ."

ಅವಳ ಈ ದೊಡ್ಡತನವೂ ಬೈರಮ್ಮನಿಗೆ ಚುಚ್ಚಿತು. ಆದರೂ ಹೋದಳು. ಅಂಗಡಿಯಲ್ಲಿ ಒಂದೊಂದು ಟಬ್ಬನ್ನೂ ನೆಲಕ್ಕಿಟ್ಟು ಅದುಮಿದಳು, ಅಲ್ಲಾಡಿಸಿದಳು, ಅಂಚಿನ ಮೇಲೆ ಬೆರಳು ಸವರಿದಳು. ಶ್ವೇತ ಮೆಚ್ಚಿದ್ದನ್ನೇ "ಇದು ಬೇಡ, ಅಂಚು ಕುಯ್ಯುತ್ತೆ" ಎಂದು ಪಕ್ಕಕ್ಕೆ ತಳ್ಳಿದಳು. ಕೊನೆಗೆ ಅವಳು ತೋರಿಸಿದ, ಅಗಲ ತಳದ ಒಂದು ಸಾದಾ ಟಬ್ಬನ್ನೇ ಶ್ವೇತ ಕೊಂಡಳು. ಆದರೆ ಮಗುವನ್ನು ಬೈರಮ್ಮನ ಕೈಗೆ ಕೊಡಲಿಲ್ಲ.

ಅಂಗಡಿಯಿಂದ ಹೊರಗೆ ಬಂದಾಗ ಸಮನ್ವಿತಾ ಲತಾಮಣಿಯ ಹೆಗಲ ಮೇಲೆ ನಿದ್ದೆ ಹೋಗಿದ್ದಳು. ಅದನ್ನು ನೋಡಿ ಬೈರಮ್ಮನಿಗೆ ಮತ್ತೆ ಹೊಟ್ಟೆ ಉರಿಯಿತು. ಉರಿಯುತ್ತಿದ್ದಂತೆಯೇ ಅವಳು ಕೈ ಚಾಚಿ, ಬಿಸಿಲು ಬೀಳದ ಹಾಗೆ ಮಗುವಿನ ಟೋಪಿ ಸರಿಮಾಡಿ, ಬಸ್ಸಿಗೆ ಹೊರಟಳು.